‘ಸರ್ವೆ’ ಅನ್ನದೆ ಇನ್ನೇನನ್ನೋಣ?

ಎಲ್ಲರಿಗೂ ನಮಸ್ಕಾರ. ಒಂದು ಪದ ಸಿಗದೆ ಒದ್ದಾಡುತ್ತಿದ್ದೇನೆ.

ಸೋಮವಾರಪೇಟೆ ಕಡೆ ಹಳೇ ಸ್ಮಶಾನಕ್ಕೆ ತಾಗಿಕೊಂಡ ಒಂದು ಕಾಫಿ ತೋಟ. ಬೇಲಿ ಪಕ್ಕ ಚಪ್ಪಡಿ ಕಲ್ಲುಗಳು ಅರ್ಧ ಹೂತುಕೊಂಡಿವೆ. ಊರವರಿಗೆ ಅದು ‘ಪಾಂಡವರ ಮನೆ’. ನಿಜಕ್ಕೆ ಅದು ಬೃಹತ್ ಶಿಲಾ ಸಂಸ್ಕೃತಿಯ ಜನ, ಅಂದರೆ ದೊಡ್ಡ ದೊಡ್ಡ ಕಲ್ಲುಗಳಿಂದ ಗೋರಿ ಕಟ್ಟುತ್ತಿದ್ದ ಪ್ರಾಚೀನರು, ಕಟ್ಟಿದ ಗೋರಿ. ಸುತ್ತಮುತ್ತ ನೆಲದೊಳಗೆ ಇನ್ನೇನಿದೆ ಎಂದು ಅಗೆಯದೆ ನೋಡಬೇಕು. ಅದಕ್ಕೊಂದು ಕರಪತ್ರ ಬರೆಯುವ ಕೆಲಸ ನನ್ನ ತಲೆಗೆ ಬಂತು.

ಸುಮ್ನೆ ‘ಭೂಭೌತ ಸರ್ವೆ’ ಎಂದು ಬರೆದೆ. ತೋಟದವರು ಓದಿ, “ಸರ್ವೆನಾ? ಬಾಣೆ ಅಳೀತಾರಾ?” ಎಂದರು. (ಬಾಣೆ ಅಂದರೆ ಗದ್ದೆಗೆ ಸೇರಿದ ಗುಡ್ಡದ ಜಾಗ.) ಕೊಡಗಲ್ಲಿ ಸರ್ವೆ ಅಂದರೆ ಪೋಡಿ (ಜಮೀನು ಭಾಗ ಮಾಡುವುದು), ಗಡಿ, ಜಮ್ಮಾ (ವಂಶಪಾರಂಪರ್ಯವಾಗಿ ಬಂದ) ಜಾಗದ ತಕರಾರು. ಪದ ಅಲ್ಲಿಗೇ ಬಿತ್ತು. ‘ಮಣ್ಣು ಪರೀಕ್ಷೆ’ ಎಂದರೆ ಕಾಫಿಗೆ ಎಷ್ಟು ಸುಣ್ಣ ಹಾಕಬೇಕು ಅನ್ನುವ ಲೆಕ್ಕ. ‘ಶೋಧ’ ಎಂದರೆ ನಿಧಿ. ರಾತ್ರೋರಾತ್ರಿ ಗುದ್ದಲಿ ಹಿಡಿದು ಬರುವವರಿಗೆ ನಾವೇ ಆಮಂತ್ರಣ ಕೊಟ್ಟ ಹಾಗೆ.

ದಾರಿ ತೋರಿಸಿದ್ದು ತೋಟದ ಕೆಲಸದವರೊಬ್ಬರು. ನಾವು ನಾಲ್ಕು ಕಬ್ಬಿಣದ ಗೂಟ ನೆಲಕ್ಕೆ ಹೊಡೆದು, ಎರಡರಲ್ಲಿ ಕರೆಂಟ್ ಹರಿಸಿ, ಉಳಿದೆರಡರ ನಡುವೆ ವೋಲ್ಟೇಜ್ ಅಳೆಯುವುದನ್ನು ನಿಂತು ನೋಡಿದರು. ಒದ್ದೆ ಜೇಡಿಮಣ್ಣಲ್ಲಿ ಕರೆಂಟ್ ಸಲೀಸಾಗಿ ಹೋಗುತ್ತದೆ, ಕಲ್ಲು ತಡೆಯುತ್ತದೆ. “ಇದು ಬೋರ್‌ವೆಲ್ ಪಾಯಿಂಟ್ ನೋಡೋ ಮೆಷಿನ್ ಅಲ್ವಾ?” ಎಂದರು. ಹೌದು, ತತ್ವ ಅದೇ! ‘ನೋಡುವುದು’ ಎಷ್ಟು ಚೆನ್ನಾಗಿದೆ. ನಾಡಿ ನೋಡುತ್ತೇವೆ, ನೀರು ನೋಡುತ್ತೇವೆ. ‘ನೆಲ ನೋಡುವುದು’ ಯಾಕಾಗಬಾರದು? ತೆಂಗಿನಕಾಯಿ ಹಿಡಿದು ನೀರು ನೋಡುವವರ ನೆನಪೂ ಬರುತ್ತದೆ, ನಿಜ. ಆದರೂ ಅಳತೆಗಿಂತ ವಾಸಿ.

(‘ಗೋರಿ’ ಬದಲು ‘ಗದ್ದುಗೆ’ ಬಳಸೋಣ ಎಂದವರಿದ್ದಾರೆ. ಮಡಿಕೇರಿಯವರಿಗೆ ಗದ್ದುಗೆ ಎಂದರೆ ಕೊಡಗಿನ ಅರಸರ ಸಮಾಧಿ. ಬೇರೆಯವರಿಗೆ ಸಿಂಹಾಸನ. ಬೇಡ.)

ಈಗ ನಿಜವಾದ ತೊಡಕು. ಒಂದು ಜಾಗದಲ್ಲಿ ರೀಡಿಂಗ್ ಅಕ್ಕಪಕ್ಕಕ್ಕಿಂತ ಬೇರೆ ಬಂದರೆ ಅದಕ್ಕೇನನ್ನಬೇಕು? ‘ವೈಪರೀತ್ಯ’ ಎಂದರೆ ಮಳೆಗಾಲದ ಸುದ್ದಿ. ‘ದೋಷ’ ಎಂದರೆ ಸ್ಮಶಾನದ ಪಕ್ಕ ಶಾಂತಿ ಪೂಜೆಯೇ ಆಗಬೇಕಾದೀತು. ಅಲ್ಲಿರುವುದು ಗೋರಿಯೇ ಆಗಬೇಕಿಲ್ಲ. ಮರದ ಬೇರು, ಮುಚ್ಚಿದ ಹಳೇ ಗುಂಡಿ ಏನೂ ಆಗಬಹುದು. ಹಾಗಾಗಿ ಪದ ಜಾಸ್ತಿ ಆಸೆ ಹುಟ್ಟಿಸಬಾರದು. ನನಗೆ ಹೊಳೆದದ್ದು ‘ಏರುಪೇರು’. ಆದರೆ ಇಳಿದದ್ದು ಮಾತ್ರ ಇದ್ದಾಗ?

ನಿಮ್ಮ ಕಡೆ ಪಾಯಿಂಟ್ ನೋಡುವವರು ಮೀಟರಿನ ಮುಳ್ಳು ದಿಢೀರನೆ ಅಲುಗಿದಾಗ ಏನನ್ನುತ್ತಾರೆ? ಕೇಳಿದ್ದನ್ನು ಕೇಳಿದ ಹಾಗೇ ಬರೆಯಿರಿ, ತಿದ್ದಬೇಡಿ.