ಓರೆ, ವಾಲು, ಮುಖ: ರೇಸ್ ಕಾರಿನ ಚಕ್ರಕ್ಕೆ ಯಾವ ಪದ?

ಎಲ್ಲರಿಗೂ ನಮಸ್ಕಾರ.

ಪುಣೆ ಪಕ್ಕದ ಪಿಂಪ್ರಿ-ಚಿಂಚವಡದ ನಮ್ಮ ಓಣಿಯ ಕೆಲವು ಕನ್ನಡದ ಹುಡುಗರು ರಿಮೋಟ್ ರೇಸ್ ಕಾರುಗಳ ಬೆನ್ನು ಬಿದ್ದಿದ್ದಾರೆ. ಬರೀ ಆಟಿಕೆಗಳಲ್ಲ ಇವು. ದೊಡ್ಡ ಕಾರಿನ ಹತ್ತನೇ ಒಂದರಷ್ಟು ಅಳತೆ, ಸುಮಾರು 190 ಮಿ.ಮೀ. ಅಗಲ, ಒಂದೊಂದು ಚಕ್ರದ ಕೋನವನ್ನೂ ಬೇಕಾದಂತೆ ತಿದ್ದಬಹುದು. ಹುಡುಗರಿಗೆ ಶಾಲೆಯಲ್ಲಿ ಮರಾಠಿ, ಮನೆಯಲ್ಲಿ ಬೆಳಗಾವಿ-ವಿಜಯಪುರದ ಕನ್ನಡ, ಕಾರಿನ ಮಾತು ಬಂದರೆ ಅರ್ಧ ಇಂಗ್ಲಿಷು. ಪಿನಿಯನ್, ಶಾಕ್, ಡಿಫರೆನ್ಷಿಯಲ್ ಹಾಗೇ ಇರಲಿ, ತಕರಾರಿಲ್ಲ. ತೊಡಕಿರುವುದು ನಮ್ಮದೇ ಪದವಾದ 'ಓರೆ'ಯಲ್ಲಿ.

"ಕಾಕಾ, ಮುಂದಿನ ಗಾಲಿ ಓರೆ ಆಗೇತ್ರಿ" ಎಂದರೆ ಯಾವ ಓರೆ? ಕಾರನ್ನು ಎದುರಿನಿಂದ ನೋಡಿದಾಗ ಚಕ್ರದ ತಲೆ ಒಳಕ್ಕೋ ಹೊರಕ್ಕೋ ಬಾಗಿದ್ದರೆ ಅದು ಕ್ಯಾಂಬರ್. ಮೇಲಿನಿಂದ ನೋಡಿದಾಗ ಚಕ್ರದ ಮೂತಿ ಒಳಕ್ಕೋ ಹೊರಕ್ಕೋ ತಿರುಗಿದ್ದರೆ ಅದು ಟೋ. ಕನ್ನಡದಲ್ಲಿ ಎರಡೂ ಓರೆಯೇ, ಆದರೆ ಕೆಲಸ ಬೇರೆ ಬೇರೆ. ತಿರುವಿನಲ್ಲಿ ಕಾರಿನ ಮೈ ಹೊರಗಡೆಗೆ ಒರಗುತ್ತದೆ, ಹೊರಗಿನ ಚಕ್ರಕ್ಕೆ ಭಾರ ಬಿದ್ದು ಅದು ತನ್ನ ಹೊರ ಅಂಚಿನ ಮೇಲೆ ಉರುಳತೊಡಗುತ್ತದೆ. ಮೊದಲೇ ತಲೆಯನ್ನು ಒಂದೂವರೆ-ಎರಡು ಡಿಗ್ರಿ ಒಳಕ್ಕೆ ಬಾಗಿಸಿಟ್ಟರೆ ಆ ಹೊತ್ತಿಗೆ ಟೈರು ಪೂರ್ತಿ ನೆಲಕ್ಕೆ ಕೂತು ಹಿಡಿತ ಸಿಗುತ್ತದೆ. ಟೋ ಹಾಗಲ್ಲ. ಹಿಂದಿನ ಚಕ್ರಗಳ ಮೂತಿ 2-3 ಡಿಗ್ರಿ ಒಳಕ್ಕಿದ್ದರೆ ಕಾರಿನ ಹಿಂಭಾಗ ಸ್ಥಿರವಾಗಿರುತ್ತದೆ, ಹೊರಕ್ಕಿದ್ದರೆ ವೇಗ ಕೊಟ್ಟೊಡನೆ ಗಿರಕಿ ಹೊಡೆಯುವ ಅಪಾಯ. ಕ್ಯಾಂಬರ್ ತಿದ್ದಬೇಕಾದಲ್ಲಿ ಟೋ ತಿದ್ದಿದರೆ ಇಡೀ ಕಾರು ಕೆಡುತ್ತದೆ. ಹಾಗಾಗಿ ಇಲ್ಲಿ ಎರಡು ಪದ ಬೇಕೇ ಬೇಕು.

ಕ್ಯಾಂಬರಿಗೆ ನನಗೆ ತೋಚಿದ್ದು 'ವಾಲು'. ಗೋಡೆ ವಾಲುತ್ತದೆ, ಕಂಬ ವಾಲುತ್ತದೆ, ತೆಂಗಿನ ಮರ ವಾಲುತ್ತದೆ. ನಿಂತದ್ದು ವಾಲುತ್ತದೆ, ಕಾಗದದ ಮೇಲಿನ ಗೆರೆ ಓರೆಯಾದೀತು, ವಾಲಲಾರದು. ಹಾಗಾದರೆ ನೆಗೆಟಿವ್ ಕ್ಯಾಂಬರ್ 'ಒಳವಾಲು', ಪಾಸಿಟಿವ್ 'ಹೊರವಾಲು'. ಯಾವುದು ಋಣ, ಯಾವುದು ಧನ ಎಂದು ನೆನಪಿಡುವ ಕಷ್ಟವೇ ಇಲ್ಲ, ಪದವೇ ದಿಕ್ಕು ಹೇಳುತ್ತದೆ. ಸ್ಟೀರಿಂಗ್ ತಿರುಗುವ ಕೀಲು ಹಿಂದಕ್ಕೆ ಬಾಗಿರುವುದಕ್ಕೆ, ಅಂದರೆ ಕ್ಯಾಸ್ಟರಿಗೆ, 'ಹಿಂವಾಲು' ಎಂದರೂ ಸರಿಹೊಂದುತ್ತದೆ. ವಾಲು ಕ್ರಿಯಾಪದವಲ್ಲವೇ ಎಂದು ಕೇಳಬಹುದು. ಬಾಗು, ತಿರುವು ಕ್ರಿಯಾಪದವಾಗಿಯೂ ನಾಮಪದವಾಗಿಯೂ ನಡೆಯುವಾಗ ವಾಲು ಏಕೆ ನಡೆಯಬಾರದು? ಗಾರೆ ಕೆಲಸದವರ 'ವಾಟ'ವನ್ನೂ ಯೋಚಿಸಿದೆ. ಆದರೆ ಅದು ನೀರು ಹರಿಯಲು ನೆಲಕ್ಕೆ ಕೊಡುವ ಇಳಿಜಾರು, ನಿಂತ ಚಕ್ರಕ್ಕೆ ಒಗ್ಗುವುದಿಲ್ಲ.

ಟೋಗೆ 'ಒಳಮುಖ', 'ಹೊರಮುಖ' ಎಂದಿಟ್ಟುಕೊಂಡಿದ್ದೇನೆ. ಅರ್ಥ ಸರಿ, ಆದರೆ ಪುಸ್ತಕದ ವಾಸನೆ. ಹುಡುಗರ ಬಾಯಲ್ಲಿ ನಿಲ್ಲುವ ಪದ ಇದಕ್ಕಿಂತ ಮೊಂಡಾಗಿರಬೇಕು.

ತಿರುವಿನಲ್ಲಿ ಮುಂದಿನ ಚಕ್ರಗಳು ಹಿಡಿತ ಬಿಟ್ಟರೆ ಅಂಡರ್‌ಸ್ಟಿಯರ್, ಹಿಂದಿನವು ಬಿಟ್ಟರೆ ಓವರ್‌ಸ್ಟಿಯರ್; ಇವುಗಳ ಬಗ್ಗೆ ನನಗೆ ಚಿಂತೆಯಿಲ್ಲ. "ಮುಂದ ಜಾರತೈತಿ", "ಹಿಂದ ಒಗೀತೈತಿ" ಎಂದು ಹುಡುಗರೇ ಹೇಳುತ್ತಾರೆ. ಕಾರು ಏನು ಮಾಡುತ್ತದೆ ಎಂಬುದು ಅದರಲ್ಲೇ ಇದೆ. 'ಅಲ್ಪತಿರುವು', 'ಅತಿತಿರುವು' ಎಂದು ಕಟ್ಟಲು ಹೋಗುವುದು ಬೇಡ.

ಈಗ ನಿಮ್ಮಲ್ಲಿ ಕೇಳಬೇಕಾದದ್ದು. ಬಂಡಿಯ ಗಾಲಿ ಅಚ್ಚಿನ ಮೇಲೆ ನೆಟ್ಟಗೆ ಕೂರದೆ ಬಾಗಿದ್ದರೆ ನಿಮ್ಮೂರ ಬಡಗಿ, ಕಮ್ಮಾರರು ಏನೆನ್ನುತ್ತಿದ್ದರು? ಎರಡು ಗಾಲಿಗಳ ಮುಂಭಾಗ ಒಂದಕ್ಕೊಂದು ಹತ್ತಿರ ಬಂದಿದ್ದರೆ? ಟ್ರ್ಯಾಕ್ಟರ್, ಲಾರಿ ಗ್ಯಾರೇಜುಗಳಲ್ಲಿ ಕನ್ನಡದ್ದೇ ಮಾತು ಕೇಳಿದ್ದರೆ ಅದೂ ಬೇಕು. 'ವಾಲು' ಕರಾವಳಿಯಲ್ಲೂ ಕಲ್ಯಾಣ ಕರ್ನಾಟಕದಲ್ಲೂ ಇದೇ ಅರ್ಥದಲ್ಲಿ ಬಳಕೆಯಲ್ಲಿದೆಯೇ? ಬರೆಯುವಾಗ ಯಾವ ಜಿಲ್ಲೆಯ ಮಾತು ಎಂದು ಸೇರಿಸಿ, ಆಡುವ ವಾಕ್ಯವನ್ನೇ ಹಾಗೇ ಕೊಟ್ಟರೆ ಇನ್ನೂ ಉಪಕಾರ.