ನೀರುಬ್ರಾಹ್ಮಿ ಚಿಗುರು ಗಾಜಿನಂತಾಗುತ್ತಿದೆ, ಏಕೆ?

ಪ್ರಶ್ನೆ: ಅಂಗಾಂಶ ಕೃಷಿಯಲ್ಲಿ, ಅಂದರೆ ಗಿಡದ ತುಣುಕನ್ನು ಬಾಟಲಿಯೊಳಗೆ ಬೆಳೆಸುವ ವಿಧಾನದಲ್ಲಿ, ನೀರುಬ್ರಾಹ್ಮಿ ಬೆಳೆಸುತ್ತಿದ್ದೇನೆ. ಎಂಎಸ್ ಮಾಧ್ಯಮ (ಗಿಡಕ್ಕೆ ಬೇಕಾದ ಪೋಷಕಾಂಶಗಳ ಮಿಶ್ರಣ), ಲೀಟರಿಗೆ 2 ಮಿ.ಗ್ರಾಂ ಬಿಎಪಿ (ಚಿಗುರೊಡೆಸುವ ಹಾರ್ಮೋನು), 30 ಗ್ರಾಂ ಸಕ್ಕರೆ, 6 ಗ್ರಾಂ ಅಗರ್ (ಮಾಧ್ಯಮವನ್ನು ಗಟ್ಟಿಯಾಗಿಸುವ ಪುಡಿ). ಚಿಗುರು ದಂಡಿಯಾಗಿ ಬಂದರೂ ಎಲೆಗಳಲ್ಲಿ ನೀರು ತುಂಬಿದೆ, ಮುಟ್ಟಿದರೆ ಮುರಿಯುತ್ತವೆ. ಸರಿಪಡಿಸುವುದು ಹೇಗೆ?

ಉತ್ತರ 1: ಬಿಎಪಿ ಹೆಚ್ಚು, ಅಗರ್ ಕಡಿಮೆ. ಬಿಎಪಿಯನ್ನು 0.5ಕ್ಕೆ ಇಳಿಸಿ, ಅಗರ್ 8 ಗ್ರಾಂ ಮಾಡಿ. ಆಟೋಕ್ಲೇವ್‌ಗೆ (ಒತ್ತಡದ ಹಬೆಯಲ್ಲಿ ಸೂಕ್ಷ್ಮಜೀವಿ ಕೊಲ್ಲುವ ಯಂತ್ರ) ಮೊದಲು ಮಾಧ್ಯಮದ ಪಿಎಚ್ 5.8 ಇರಲಿ, 5ಕ್ಕಿಂತ ಇಳಿದರೆ ಅಗರ್ ಸರಿಯಾಗಿ ಗಟ್ಟಿಯಾಗದು.

ಉತ್ತರ 2: ಮುಚ್ಚಳವನ್ನೂ ನೋಡಿ ಸಾರ್. ತೀರಾ ಬಿಗಿಯಾದರೆ ಒಳಗೆ ತೇವ, ಗಿಡವೇ ಬಿಡುವ ಎಥಿಲೀನ್ ಅನಿಲ ಕೂಡಿಕೊಳ್ಳುತ್ತವೆ. ಹತ್ತಿಯ ಬಿರಡೆ ವಾಸಿ. ಗಾಜಿನಂಥ ಚಿಗುರನ್ನು ಮುಂದಿನ ಸುತ್ತಿಗೆ, ಅಂದರೆ ಹೊಸ ಮಾಧ್ಯಮಕ್ಕೆ, ಒಯ್ಯಲೇಬೇಡಿ. ಅದರ ಎಲೆರಂಧ್ರ ಸರಿಯಾಗಿ ಮುಚ್ಚುವುದಿಲ್ಲ, ಹೊರಗಿಟ್ಟರೆ ಬಾಡುತ್ತದೆ.

ಉತ್ತರ 3: ಚಿಗುರು ಸರಿಹೋದ ಮೇಲೆ ಬೇರು ಬರಿಸಲು ಅರ್ಧ ಸಾಂದ್ರತೆಯ ಎಂಎಸ್, ಲೀಟರಿಗೆ 0.5 ಮಿ.ಗ್ರಾಂ ಐಬಿಎ (ಬೇರು ಬರಿಸುವ ಹಾರ್ಮೋನು) ಸಾಕು. ಕುಂಡಕ್ಕೆ ಹಾಕುವ ಮುನ್ನ ಅಗರ್ ಪೂರ್ತಿ ತೊಳೆಯಿರಿ. ಉಳಿದ ಸಕ್ಕರೆಗೆ ಬೂಷ್ಟು ಹಿಡಿದು ಬೇರು ಕೊಳೆಯುತ್ತದೆ.