ಪದಚರ್ಚೆ: ಆಟ ‘ಓಗೊಡುವುದು’ ಬೇರೆ, ‘ಹೇಳಿದ ಹಾಗೆ ಕೇಳುವುದು’ ಬೇರೆ ಅಲ್ವಾ?

ಗೆಳೆಯರೇ,

ಒಂದು ಪದದ ವಿಷಯದಲ್ಲಿ ನಿಮ್ಮ ನೆರವು ಬೇಕು. ಸ್ಟಾರ್ಮ್‌ಗೇಟ್ ಅನ್ನುವ ಕಂಪ್ಯೂಟರ್ ಯುದ್ಧದಾಟದ ಡೆಮೊ ಬಂದಾಗ ಆಡಿದವರಿಗೆ ಮೊದಲು ಏನನ್ನಿಸಿತು ಅನ್ನುವುದರ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವರ ಮಾತುಗಳನ್ನು ಓದುತ್ತಾ ಹೋದರೆ ಒಂದು ಹೊಗಳಿಕೆ ಮತ್ತೆ ಮತ್ತೆ ಸಿಗುತ್ತದೆ: ‘ಆಟ ತುಂಬಾ ರೆಸ್ಪಾನ್ಸಿವ್ ಆಗಿದೆ’. ಇದನ್ನು ಕನ್ನಡದಲ್ಲಿ ಹೇಗೆ ಹೇಳೋಣ?

ಆಟ ಗೊತ್ತಿಲ್ಲದವರಿಗಾಗಿ ಸ್ವಲ್ಪ ಹಿನ್ನೆಲೆ. ಇದನ್ನು ಮಾಡಿದ್ದು ಕ್ಯಾಲಿಫೋರ್ನಿಯಾದ ಫ್ರಾಸ್ಟ್ ಜೈಂಟ್ ಸ್ಟುಡಿಯೋಸ್. ಬ್ಲಿಝಾರ್ಡ್ ಅನ್ನುವ ಹೆಸರಾಂತ ಆಟದ ಕಂಪನಿ ಬಿಟ್ಟು ಬಂದವರು 2020ರಲ್ಲಿ ಕಟ್ಟಿದ ಕಂಪನಿ. ಅವರಲ್ಲಿ ಟಿಮ್ ಮಾರ್ಟನ್ ಬ್ಲಿಝಾರ್ಡ್‌ನ ಯುದ್ಧದಾಟ ಸ್ಟಾರ್‌ಕ್ರಾಫ್ಟ್ 2ರಲ್ಲಿ ದುಡಿದವರು, ಟಿಮ್ ಕ್ಯಾಂಪ್‌ಬೆಲ್ ಅಲ್ಲಿನದೇ ವಾರ್‌ಕ್ರಾಫ್ಟ್ 3ರಲ್ಲಿ. ಹಾಗಾಗಿ ಆ ಹಳೆಯ ಆಟಗಳನ್ನು ವರ್ಷಗಟ್ಟಲೆ ಆಡಿ ಕೈ ಪಳಗಿದವರು ಈ ಹೊಸ ಆಟಕ್ಕೆ ಆಸೆಯಿಂದ ಕಾಯುತ್ತಿದ್ದರು. 2024ರ ಫೆಬ್ರವರಿಯಲ್ಲಿ, ಸ್ಟೀಮ್ ಅನ್ನುವ ಆಟದಂಗಡಿ ಜಾಲತಾಣದಲ್ಲಿ ಹೊಸ ಆಟಗಳ ಡೆಮೊ ಹಬ್ಬ ‘ನೆಕ್ಸ್ಟ್ ಫೆಸ್ಟ್’ ನಡೆಯುವ ಹೊತ್ತಿಗೆ, ಯಾರು ಬೇಕಾದರೂ ಇಳಿಸಿಕೊಂಡು ಆಡುವ ಡೆಮೊ ಬಂತು. ಅದರಲ್ಲಿ ಇದ್ದದ್ದು ಎರಡು ಪಕ್ಷ. ಮನುಷ್ಯರ ವ್ಯಾನ್‌ಗಾರ್ಡ್ ಒಂದು, ರಾಕ್ಷಸರ ಇನ್ಫರ್ನಲ್ ಹೋಸ್ಟ್ ಇನ್ನೊಂದು. ಒಬ್ಬರ ಮೇಲೆ ಒಬ್ಬರು ಆಡಬಹುದಿತ್ತು. ಮೂರು ಜನ ಸೇರಿ ಕಂಪ್ಯೂಟರಿನ ವಿರುದ್ಧವೂ ಆಡಬಹುದಿತ್ತು.

ಇಂಥ ಆಟದಲ್ಲಿ ಸರದಿ ಅನ್ನೋದಿಲ್ಲ. ಚದುರಂಗದಲ್ಲಾದರೆ ನೀವು ಕಾಯಿ ನಡೆಸುತ್ತೀರಿ, ಆಮೇಲೆ ಎದುರಿನವರು ನಡೆಸುವ ತನಕ ಸುಮ್ನೆ ಕೂರುತ್ತೀರಿ. ಇಲ್ಲಿ ಇಬ್ಬರೂ ಒಂದೇ ಸಮನೆ ಆಡುತ್ತಿರುತ್ತಾರೆ. ಆಳುಗಳನ್ನು ಗಣಿಗೆ ಕಳಿಸಬೇಕು, ಮನೆ ಕಟ್ಟಿಸಬೇಕು, ದಂಡು ಕೂಡಿಸಬೇಕು, ಬೇಹಿಗೆ ಕಳಿಸಬೇಕು, ಅಷ್ಟರಲ್ಲಿ ಯಾರಾದರೂ ಮೇಲೆ ಬಿದ್ದರೆ ತಡೆಯಬೇಕು. ‘ನೈಜ ಸಮಯದ ತಂತ್ರಗಾರಿಕೆ ಆಟ’ ಅಂತ ಬರೆಯುವುದನ್ನು ನೋಡಿದ್ದೇನೆ. ಓದಿದವರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ‘ಸರದಿಯಿಲ್ಲದ ಯುದ್ಧದಾಟ’ ಅಂದರೆ ಚೌಕಾಬಾರ ಆಡಿದ ಅಜ್ಜಿಗೂ ಅರ್ಥವಾಗುತ್ತದೆ. ಇದರ ಬಗ್ಗೆ ನನಗೆ ಗೊಂದಲವಿಲ್ಲ. ಬೇಡ ಅನ್ನಿಸಿದವರು ಹೇಳಿ.

ಇನ್ನು ಮೂಲ ಪ್ರಶ್ನೆ. ರೆಸ್ಪಾನ್ಸಿವ್‌ಗೆ ಮೊದಲು ಕೈಗೆ ಸಿಗುವುದು ‘ಸ್ಪಂದಿಸು’. ಆದರೆ ಈ ಪದ ಈಗ ಎಲ್ಲಿ ಓಡಾಡುತ್ತಿದೆ ನೋಡಿ. ‘ಜನರ ಸಮಸ್ಯೆಗೆ ಅಧಿಕಾರಿಗಳು ಸ್ಪಂದಿಸಿಲ್ಲ’, ‘ಚಿಕಿತ್ಸೆಗೆ ಸ್ಪಂದಿಸುತ್ತಿದ್ದಾರೆ’. ಅಲ್ಲಿ ಮನಸ್ಸು ಕರಗುವುದೋ, ಮೈ ಚೇತರಿಸಿಕೊಳ್ಳುವುದೋ ಮುಖ್ಯ. ಸ್ಪಂದಿಸಲು ಹೊತ್ತು ಹಿಡಿಯಬಹುದು, ತಿಂಗಳೇ ಆಗಬಹುದು. ಆಟಗಾರ ಹೇಳುತ್ತಿರುವುದು ಬೇರೆ. ಅವನು ಮೌಸ್ ಒತ್ತಿದ, ದಂಡು ಆ ಕ್ಷಣಕ್ಕೆ ತಿರುಗಿತು. ಈ ‘ಆ ಕ್ಷಣಕ್ಕೆ’ ಅನ್ನುವುದು ಸ್ಪಂದಿಸು ಪದದಲ್ಲಿ ಇಲ್ಲ. ‘ಸ್ಪಂದನಶೀಲ ಆಟ’ ಅಂತ ಬರೆದರೆ ಆಟಕ್ಕೆ ಮರುಕ ಜಾಸ್ತಿ ಅಂತ ಯಾರಾದರೂ ತಿಳಿದಾರು.

ಹುಡುಕುತ್ತಾ ಹೋದಾಗ ಸಿಕ್ಕ ಎರಡು ಅಚ್ಚಗನ್ನಡ ಮಾತು: ‘ಓಗೊಡು’ ಮತ್ತು ‘ಹೇಳಿದ ಹಾಗೆ ಕೇಳು’. ಎರಡೂ ಚೆನ್ನಾಗಿವೆ. ಎರಡರ ನಡುವಿನ ವ್ಯತ್ಯಾಸವೇ ನನಗೆ ಬಹಳ ಮುಖ್ಯವಾಗಿ ಕಾಣುತ್ತಿದೆ. ಯಾಕೆ ಅಂತ ಹೇಳಲು ಈ ಆಟಗಳ ಒಳಗೆ ನಡೆಯುವ ಒಂದು ಸಂಗತಿಯನ್ನು ವಿವರಿಸಬೇಕು.

ಇಬ್ಬರು ಬೇರೆ ಬೇರೆ ಊರಿನಲ್ಲಿ ಕೂತು ಆಡುತ್ತಿದ್ದಾರೆ ಅಂದುಕೊಳ್ಳಿ. ಇಬ್ಬರ ಕಂಪ್ಯೂಟರಿನಲ್ಲೂ ಒಂದೇ ಯುದ್ಧ, ಒಂದೇ ಥರ ನಡೆಯಬೇಕು. ಹಳೆಯ ಆಟಗಳಲ್ಲಿ ಇದಕ್ಕೊಂದು ಉಪಾಯ ಮಾಡಿದ್ದರು. 1997ರ ಏಜ್ ಆಫ್ ಎಂಪೈರ್ಸ್ ಆಟದಲ್ಲಿ ಹೊತ್ತನ್ನು ಸಣ್ಣ ಸಣ್ಣ ಸುತ್ತುಗಳಾಗಿ ಕತ್ತರಿಸಿದ್ದರು, ಒಂದೊಂದು ಸುತ್ತು ಸುಮಾರು 200 ಮಿಲಿಸೆಕೆಂಡ್, ಅಂದರೆ ಸೆಕೆಂಡಿನ ಐದರಲ್ಲಿ ಒಂದು ಪಾಲು. ನೀವು ಈಗ ಕೊಟ್ಟ ಅಪ್ಪಣೆ ಎರಡು ಸುತ್ತು ಆಚೆಗೆ ಜಾರಿಯಾಗುತ್ತಿತ್ತು. ಅಷ್ಟರಲ್ಲಿ ಅದು ಎಲ್ಲರ ಕಂಪ್ಯೂಟರಿಗೂ ತಲುಪಿರುತ್ತಿತ್ತು. ಅಂದರೆ ಕ್ಲಿಕ್ಕಿಗೂ ನಡೆಗೂ ನಡುವೆ ಬೇಕೆಂದೇ ಇಟ್ಟ ಒಂದು ಸಣ್ಣ ತಡ. ಆ ಆಟ ಮಾಡಿದ ಎಂಜಿನಿಯರುಗಳೇ ಬರೆದಿಟ್ಟಿರುವ ಪ್ರಕಾರ, 250 ಮಿಲಿಸೆಕೆಂಡ್ ತನಕದ ತಡ ಆಡುವವರ ಗಮನಕ್ಕೇ ಬರುತ್ತಿರಲಿಲ್ಲ. 500 ದಾಟಿದರೆ ಮಾತ್ರ ಗೊತ್ತಾಗುತ್ತಿತ್ತು. ಅವರು ಕಂಡುಕೊಂಡ ಇನ್ನೊಂದು ವಿಷಯ ನನಗೆ ತುಂಬಾ ಹಿಡಿಸಿತು. ತಡ ಒಂದೇ ಸಮ ಇದ್ದರೆ ಜನ ಹೊಂದಿಕೊಳ್ಳುತ್ತಾರೆ. ಒಮ್ಮೆ ಬೇಗ, ಒಮ್ಮೆ ನಿಧಾನ ಆದರೆ ತಾಳ ತಪ್ಪುತ್ತದೆ, ರೇಗುತ್ತಾರೆ.

ಈಗ ಆ ತಡದ ಹೊತ್ತಿನಲ್ಲಿ ಏನಾಗುತ್ತದೆ ನೋಡಿ. ನೀವು ಆಳನ್ನು ಆರಿಸಿ ‘ಅಲ್ಲಿಗೆ ಹೋಗು’ ಅಂತ ಒತ್ತುತ್ತೀರಿ. ಇಂಥ ಆಟಗಳಲ್ಲಿ ಆಳು ತಕ್ಷಣ ಬಾಯಲ್ಲಿ ಒಂದು ಮಾತು ಹೇಳುತ್ತಾನೆ, ‘ಆಯ್ತು’ ಅಂತಲೋ ‘ಹೊರಟೆ’ ಅಂತಲೋ. ಕಾಲು ಎತ್ತುವುದು ಆಮೇಲೆ. ಕಿವಿಗೆ ಉತ್ತರ ಸಿಕ್ಕಿದ್ದರಿಂದ ಕಣ್ಣು ಸ್ವಲ್ಪ ಕಾಯುತ್ತದೆ. ಹಾಗಾದರೆ ಆ ಆಳು ‘ಓ’ ಅಂದ, ಓಗೊಟ್ಟ. ಆದರೆ ಹೇಳಿದ ಕೆಲಸ ಇನ್ನೂ ಶುರು ಮಾಡಿಲ್ಲ.

ಸ್ಟಾರ್ಮ್‌ಗೇಟ್‌ನವರು ಇದನ್ನು ಬದಲಿಸಲು ಹೊರಟರು. ಸ್ನೋಪ್ಲೇ ಅನ್ನುವ ತಮ್ಮದೇ ಎಂಜಿನ್‌ನಲ್ಲಿ, ಅಂದರೆ ಆಟವನ್ನು ಒಳಗಿನಿಂದ ನಡೆಸುವ ತಂತ್ರಾಂಶದಲ್ಲಿ, ರೋಲ್‌ಬ್ಯಾಕ್ ಅನ್ನುವ ವಿಧಾನ ತಂದರು. ಇದು ಮೊದಲು ಒಬ್ಬರಿಗೊಬ್ಬರು ಗುದ್ದಾಡುವ ಫೈಟಿಂಗ್ ಆಟಗಳಲ್ಲಿ ಹೆಸರು ಮಾಡಿದ್ದು. ಇದರಲ್ಲಿ ನಿಮ್ಮ ಕಂಪ್ಯೂಟರು ನಿಮ್ಮ ಅಪ್ಪಣೆಯನ್ನು ಕಾಯಿಸುವುದಿಲ್ಲ, ನಡೆಸಿಬಿಡುತ್ತದೆ. ಎದುರಿನವರು ಏನು ಮಾಡಿರಬಹುದು ಅಂತ ಊಹಿಸಿಕೊಂಡು ಮುಂದೆ ಹೋಗುತ್ತದೆ. ಊಹೆ ತಪ್ಪಾಗಿದ್ದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಹಿಂದಕ್ಕೆ ಹೋಗಿ, ಸರಿಯಾದ ಲೆಕ್ಕ ಹಾಕಿ, ಮತ್ತೆ ಈ ಕ್ಷಣಕ್ಕೆ ಬರುತ್ತದೆ. ಡೆಮೊ ಆಡಿದವರು ‘ಒತ್ತಿದ ಕೂಡಲೇ ನಡೆಯುತ್ತೆ’ ಅಂತ ಹಿಗ್ಗಿದ್ದು ಇಂಥ ಕೆಲಸದ ಫಲ. ಇಲ್ಲಿ ಆಳು ಬರೀ ಓಗೊಡುವುದಿಲ್ಲ, ಹೇಳಿದ ಹಾಗೆ ಕೇಳುತ್ತಾನೆ.

ನಮ್ಮ ಆಡುಮಾತಿನಲ್ಲಿ ಈ ‘ಕೇಳು’ ಎಷ್ಟು ಹದವಾಗಿ ಬಳಕೆಯಾಗುತ್ತದೆ! ‘ಈ ಎತ್ತು ಹೇಳಿದ ಹಾಗೆ ಕೇಳುತ್ತೆ.’ ‘ಗಾಡಿ ಹಳೇದಾದರೂ ಮಾತು ಕೇಳುತ್ತೆ.’ ‘ಮಂಡಿ ನನ್ನ ಮಾತೇ ಕೇಳ್ತಿಲ್ಲ.’ ಜೀವ ಇರುವುದು, ಇಲ್ಲದ್ದು, ನಮ್ಮದೇ ಮೈ, ಎಲ್ಲಕ್ಕೂ ಒಪ್ಪುತ್ತದೆ. ಕೊಟ್ಟ ಅಪ್ಪಣೆಗೂ ಆದ ಕೆಲಸಕ್ಕೂ ನಡುವೆ ತಡವೂ ಇಲ್ಲ, ತಕರಾರೂ ಇಲ್ಲ ಅನ್ನುವುದೇ ಅದರ ತಿರುಳು. ರೆಸ್ಪಾನ್ಸಿವ್ ಅನ್ನುವ ಆಟಗಾರನ ಮನಸ್ಸಿನಲ್ಲಿ ಇರುವುದೂ ಇದೇ.

ಆದರೆ ನನ್ನ ಈ ವಿಂಗಡಣೆಗೆ ಎರಡು ಅಡ್ಡಿಗಳಿವೆ. ನಿಮ್ಮ ಸಲಹೆ ಬೇಕಾಗಿರುವುದು ಇಲ್ಲೇ.

‘ಗಾಂಧೀಜಿಯವರ ಕರೆಗೆ ಓಗೊಟ್ಟು ಚಳವಳಿಗೆ ಇಳಿದರು’ ಅಂತ ಬರೆಯುತ್ತೇವೆ. ಅಲ್ಲಿ ಓಗೊಡುವುದು ಅಂದರೆ ಬರೀ ಬಾಯಿಮಾತಲ್ಲ, ಎದ್ದು ಹೊರಡುವುದೂ ಸೇರಿದೆ. ಹಾಗಿದ್ದರೆ ‘ಓಗೊಟ್ಟ, ಆದರೆ ಮಾಡಲಿಲ್ಲ’ ಅಂತ ನಾನು ಗೆರೆ ಎಳೆಯುವುದು ಸರಿಯೇ? ನನಗೆ ತೋಚುವ ಸಮಾಧಾನ ಇದು: ಓಗೊಡುವುದು ಕರೆಗೆ, ಕೇಳುವುದು ಅಪ್ಪಣೆಗೆ. ಕರೆಗೆ ಓಗೊಡುವವನು ತನ್ನ ಇಷ್ಟದಿಂದ ಬರುತ್ತಾನೆ. ಆಟದ ಆಳಿಗೆ ಆ ಇಷ್ಟದ ಪ್ರಶ್ನೆಯೇ ಇಲ್ಲ. ಆದರೂ ಓದುಗರು ಇಷ್ಟು ಸೂಕ್ಷ್ಮವನ್ನು ಒಂದೇ ಓದಿಗೆ ಹಿಡಿಯುತ್ತಾರಾ ಅನ್ನೋ ಅನುಮಾನ ಇದೆ.

ಎರಡನೆಯದು, ‘ಮಾತು ಕೇಳುವ ಆಟ’ ಅಂತ ತಲೆಬರಹ ಕೊಟ್ಟರೆ, ಬಾಯಲ್ಲಿ ಹೇಳಿ ಆಡಿಸುವ ಆಟ ಅಂತ ತಿಳಿಯಬಹುದು. ಈಗ ಫೋನಿಗೂ ಟೀವಿಗೂ ಬಾಯಲ್ಲೇ ಹೇಳುತ್ತೇವಲ್ಲ. ಅದಕ್ಕೇ ‘ಮಾತು’ ಬಿಟ್ಟು ‘ಹೇಳಿದ ಹಾಗೆ ಕೇಳುತ್ತೆ’ ಅಂತ ಇಟ್ಟುಕೊಂಡಿದ್ದೇನೆ. ವಾಕ್ಯದಲ್ಲಿ ಸಲೀಸಾಗಿ ಕೂರುತ್ತದೆ. ಹೆಸರುಪದ ಬೇಕಾದಾಗ ತೊಡಕು. ಆಟದ ಗುಣಗಳನ್ನು ಪಟ್ಟಿ ಮಾಡುವ ಕಡೆ ‘ಹೇಳಿದ ಹಾಗೆ ಕೇಳುವಿಕೆ’ ಅಂತ ಬರೆದರೆ ನಾಲಿಗೆ ತಿರುಗಲ್ಲ. ಪಟ್ಟಿಯನ್ನೇ ಬಿಟ್ಟು ವಾಕ್ಯದಲ್ಲಿ ಬರೆಯುವುದು ಒಳ್ಳೆಯದು ಅಂತ ನನ್ನ ಮತ.

ಇದರ ಜೊತೆಗೇ ‘ಯೂನಿಟ್’ ಪದದ, ಅಂದರೆ ನಾವು ಅಪ್ಪಣೆ ಕೊಟ್ಟು ನಡೆಸುವ ಒಂದೊಂದು ಸೈನಿಕ, ಕೆಲಸಗಾರ, ಯಂತ್ರಕ್ಕೆ ಏನನ್ನಬೇಕು ಅನ್ನುವುದರ ತೀರ್ಮಾನವೂ ಆಗಬೇಕು. ಘಟಕ ಬೇಡವೇ ಬೇಡ. ಪಕ್ಷದ ತಾಲ್ಲೂಕು ಘಟಕ, ಗೊಬ್ಬರ ತಯಾರಿಕಾ ಘಟಕ ಅಂತ ಕೇಳಿ ಕೇಳಿ ಆ ಪದಕ್ಕೆ ಕೈಕಾಲು ಇರುವುದೇ ಮರೆತುಹೋಗಿದೆ. ‘ಕಾಯಿ’ ನನಗೆ ತುಂಬಾ ಇಷ್ಟ. ಚದುರಂಗ, ಪಗಡೆ, ಚೌಕಾಬಾರ ಮೂರರಲ್ಲೂ ಕಾಯಿಯೇ. ಕಾಯಿ ನಡೆಸುತ್ತೇವೆ, ಕಾಯಿ ಹೊಡೆಯುತ್ತೇವೆ, ಚೌಕಾಬಾರದಲ್ಲಿ ನಡುಮನೆ ಸೇರಿದರೆ ಕಾಯಿ ಹಣ್ಣಾಗುತ್ತದೆ. ಆದರೆ ಕಾಯಿ ನಮ್ಮ ಕೈ ಎತ್ತಿಟ್ಟಲ್ಲಿಗೆ ಹೋಗುತ್ತದೆ ಅಷ್ಟೇ, ಅದು ‘ಕೇಳುವ’ ಪ್ರಶ್ನೆ ಬರುವುದಿಲ್ಲ. ಸ್ಟಾರ್ಮ್‌ಗೇಟ್‌ನಲ್ಲಿ ಗುರಿ ತೋರಿಸಿದರೆ ಸಾಕು, ಯೂನಿಟ್‌ಗಳು ದಾರಿ ತಾವೇ ಹುಡುಕಿಕೊಂಡು, ಅಡ್ಡ ಬಂದವರನ್ನು ಸುತ್ತಿಕೊಂಡು ಹೋಗುತ್ತವೆ. ಆದ್ದರಿಂದ ‘ಆಳು’ ಅಂತ ಇಟ್ಟಿದ್ದೇನೆ. ‘ಕೇಳು’ ಕ್ರಿಯಾಪದಕ್ಕೆ ಆಳು ಸರಿಯಾದ ಜೋಡಿ. ತೊಡಕು ಅಂದರೆ ವ್ಯಾನ್‌ಗಾರ್ಡ್ ಪಡೆಯಲ್ಲಿ ಬೇಹಿಗೆ ಹೋಗುವುದು ಒಂದು ಯಂತ್ರದ ನಾಯಿ, ಗಣಿ ಕೆಲಸ ಮಾಡುವುದು ಎರಡು ಕಾಲಿನ ಯಂತ್ರ. ನಾಯಿಯನ್ನು ಆಳು ಅನ್ನಬಹುದಾ? ‘ಬೇಹಿನ ನಾಯಿ’ ಅಂತ ಹೆಸರಿಟ್ಟೇ ಕರೆದಿದ್ದೇನೆ. ಎಲ್ಲವನ್ನೂ ಸೇರಿಸಿ ಹೇಳುವಾಗ ‘ಪಡೆ’ ಅಂದಿದ್ದೇನೆ.

ಆಟಗಾರರ ದೂರಿನ ಕಡೆಯ ಪದಗಳೂ ಇವೆ. ಕೈಗೆ ಒಪ್ಪಿದ ಆಟ ಅನೇಕರ ಕಣ್ಣಿಗೆ ಒಪ್ಪಲಿಲ್ಲ. ‘ಮೊಬೈಲ್ ಗೇಮ್ ಥರ ಇದೆ’, ‘ಕಾರ್ಟೂನ್ ಥರ ಇದೆ’ ಅಂದರು. ಇದರಲ್ಲಿ ಎರಡು ದೂರು ಕಲೆತುಹೋಗಿವೆ, ಬರೆಯುವವರು ಬಿಡಿಸಿ ಹೇಳಬೇಕು. ನೋಡಲು ಹಿಡಿಸಲಿಲ್ಲ ಅನ್ನುವುದು ಒಂದು. ಗುಂಪಿನಲ್ಲಿ ಯಾವುದು ಯಾವುದು ಅಂತ ಗೊತ್ತಾಗುವುದಿಲ್ಲ ಅನ್ನುವುದು ಇನ್ನೊಂದು. ಎರಡನೆಯದಕ್ಕೆ ನಮ್ಮಲ್ಲಿ ‘ಗುರುತು ಹತ್ತುವುದಿಲ್ಲ’ ಅನ್ನುವ ಸೊಗಸಾದ ಮಾತಿದೆ. ‘ಗಡ್ಡ ಬಿಟ್ಟಿದ್ದ, ಗುರುತೇ ಹತ್ತಲಿಲ್ಲ’ ಅನ್ನುತ್ತೇವಲ್ಲ, ಅದೇ. ಇದರ ಮೇಲೆ ಚರ್ಚೆ ಬೇಕಿಲ್ಲ ಅನ್ನಿಸುತ್ತದೆ.

ಕಾಳಗ ನಿಧಾನ ಅನ್ನುವ ಮಾತೂ ಬಂತು. ಸ್ಟಾರ್‌ಕ್ರಾಫ್ಟ್ 2ರಲ್ಲಿ ದೊಡ್ಡ ದಂಡು ನೋಡನೋಡುತ್ತಲೇ ನೆಲಕಚ್ಚುತ್ತದೆ. ಇಲ್ಲಿ ಆಳುಗಳು ಬೇಗ ಸಾಯುವುದಿಲ್ಲ. ಕೆಲವರಿಗೆ ಇದು ಹಿತ, ಕೆಲವರಿಗೆ ಬೇಸರ. ನಾನು ‘ಆಳುಗಳು ಗಟ್ಟಿ’ ಅಂತ ಬರೆದಿದ್ದೇನೆ, ಸಾಕಲ್ವಾ?

‘ಡೆಮೊ’ ಹಾಗೇ ಇರಲಿ. ಪ್ರಾತ್ಯಕ್ಷಿಕೆ ಅಂದರೆ ಬೇರೆಯವರು ಮಾಡಿ ತೋರಿಸುವುದು, ನಾವು ನಿಂತು ನೋಡುವುದು. ‘ಮ್ಯಾಕ್ರೊ’ಗೆ, ಅಂದರೆ ಗಣಿ, ಕಟ್ಟಡ, ಆದಾಯ, ಆಳುಗಳ ಸಂಖ್ಯೆ ಎಲ್ಲವನ್ನೂ ತೂಗಿಸಿಕೊಂಡು ಹೋಗುವ ಕೆಲಸಕ್ಕೆ, ‘ಮನೆವಾರ್ತೆ’ ಅಂತ ಇಡುವ ಆಸೆ ಇದೆ. ಮನೆಯ ಆಗುಹೋಗು ನೋಡಿಕೊಳ್ಳುವುದಕ್ಕೆ ಮೈಸೂರು ಕಡೆ ಹಿರಿಯರ ಬಾಯಲ್ಲಿ ಇನ್ನೂ ಇರುವ ಪದ. ಸ್ಟಾರ್ಮ್‌ಗೇಟ್‌ನಲ್ಲಿ ಕಟ್ಟಡಗಳ ಹತ್ತಿರ ಹೋಗದೆ, ತೆರೆಯ ಕೆಳಗಿನ ಒಂದೇ ಫಲಕದಿಂದ ಆಳುಗಳನ್ನು ತಯಾರು ಮಾಡಬಹುದು. ಹೊಸಬರು ಇದನ್ನು ಬಹಳ ಮೆಚ್ಚಿದರು. ‘ಮನೆವಾರ್ತೆ ಹಗುರವಾಗಿದೆ’ ಅಂದರೆ ಅವರ ಮೆಚ್ಚುಗೆ ಪೂರ್ತಿ ಬಂತು ಅಂತ ನನ್ನ ನಂಬಿಕೆ.

‘ರಶ್’ ಮಾತ್ರ ಕೈಗೆ ಸಿಗುತ್ತಿಲ್ಲ. ಎದುರಿನವರು ಬಲಿಯುವ ಮೊದಲೇ ಕೆಲವೇ ಆಳುಗಳೊಂದಿಗೆ ನುಗ್ಗುವುದು ಅದು. ‘ಲಗ್ಗೆ’ ಸರಿಯಾದ ಪದ, ಅದು ಕೋಟೆ ಹತ್ತುವವರ ಪದವೇ. ಆದರೆ ಪತ್ರಿಕೆಗಳಲ್ಲಿ ತಂಡ ಫೈನಲ್‌ಗೆ ಲಗ್ಗೆ ಇಡುತ್ತದೆ, ಹೊಸ ಬೈಕು ಮಾರುಕಟ್ಟೆಗೆ ಲಗ್ಗೆ ಇಡುತ್ತದೆ, ಬೇಸಿಗೆಯಲ್ಲಿ ಮಾವೂ ಲಗ್ಗೆ ಇಡುತ್ತದೆ. ಸುಮ್ನೆ ಬಂದದ್ದಕ್ಕೂ ಲಗ್ಗೆ ಅಂದು ಅಂದು ಪದದ ಕಾವು ಆರಿದೆ. ಅದರ ಮೇಲೆ ‘ಬೇಗ’ ಅನ್ನುವ ಅರ್ಥವೂ ಅದರಲ್ಲಿಲ್ಲ. ‘ಎಳೆಲಗ್ಗೆ’ ಅಂತ ಕಟ್ಟಿ ನೋಡಿದೆ. ಎಳೆಬಿಸಿಲು ಇದೆ, ಎಳೆಗರು ಇದೆ, ಎಳೆಲಗ್ಗೆ ಆಗಬಾರದೇಕೆ? ವಿವರಣೆ ಇಲ್ಲದೆ ಓದುಗರಿಗೆ ಹೊಳೆಯುತ್ತದಾ ಅನ್ನುವುದನ್ನು ನೀವೇ ಹೇಳಬೇಕು.

ಉತ್ತರ ಕರ್ನಾಟಕ ಮತ್ತು ಕರಾವಳಿಯ ಗೆಳೆಯರಲ್ಲಿ ಒಂದು ವಿಶೇಷ ಕೋರಿಕೆ. ನಿಮ್ಮ ಕಡೆ ಎತ್ತು, ಗಾಡಿ, ದೋಣಿ ಚೆನ್ನಾಗಿ ಹೇಳಿದಂತೆ ನಡೆದರೆ ಏನಂತೀರಿ? ‘ಕೇಳುತ್ತೆ’ ಅನ್ನುವುದಕ್ಕೆ ಬೇರೆ ಮಾತು ಇದ್ದರೆ, ಅದರಲ್ಲೂ ಹೆಸರುಪದವಾಗಿ ನಿಲ್ಲಬಲ್ಲದ್ದು ಇದ್ದರೆ, ಬಳಕೆಯ ಒಂದು ವಾಕ್ಯದ ಸಮೇತ ಬರೆಯಿರಿ. ಕಂಪ್ಯೂಟರ್ ಆಟ ಆಡುವ ಮಕ್ಕಳು ಮನೆಯಲ್ಲಿದ್ದರೆ ಅವರನ್ನೂ ಕೇಳಿ. ಆಟ ತಡವರಿಸಿದಾಗ ‘ಲ್ಯಾಗ್ ಆಗ್ತಿದೆ’ ಅನ್ನುತ್ತಾರೆ, ಅದು ನನಗೆ ಗೊತ್ತು. ತಡವರಿಸದೆ ನಡೆದಾಗ ಅವರ ಬಾಯಲ್ಲಿ ಏನು ಬರುತ್ತದೆ ಅನ್ನುವುದನ್ನು ತಿಳಿಯಬೇಕಾಗಿದೆ.